ಅವಾರ್ಡ್ ಸಿನಿಮಾ ಅಂದ ಕೂಡಲೇ

2024ರ ಡಿಸೆಂಬರ್ 10. ಬೆಳಗ್ಗೆ ಏಳಕ್ಕೇ ಭಾವ ನಮ್ಮ ಮನೆಮಂದಿ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು: ‘ಭಾರತದ ಚಿತ್ರಕ್ಕೆ ಆಸ್ಕರ್ ನಾಮಿನೇಷನ್! ನಿರ್ದೇಶನಕ್ಕೆ ಈ ಗೌರವ ಪಡೆದ ಮೊದಲ ಭಾರತೀಯ ಪ್ರತಿಭೆ. ಆದರೂ ಆಕೆಗೆ ಸಮಾಧಾನವಿಲ್ಲ, ದೇಶವನ್ನೇ ದೂರುತ್ತಾಳೆ.’ ಕೆಳಗೆ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಸಿನಿಮಾದ ನಿರ್ದೇಶಕಿ ಪಾಯಲ್ ಕಪಾಡಿಯಾ ಫೋಟೊ.

ದೊಡ್ಡಪ್ಪ: ಸಿಕ್ಕಿದ್ದನ್ನು ಕಣ್ಣಿಗೊತ್ತಿಕೊಂಡು ತಗೋಬೇಕು. ಈಗಿನ ಮಕ್ಕಳಿಗೆ ಅದೇ ಗೊತ್ತಿಲ್ಲ. ನಮ್ಮ ಮನೆಯಲ್ಲೇ ಉದಾಹರಣೆ ಇದೆ.

ಉದಾಹರಣೆ ನಾನು. ಹೋದ ವರ್ಷ ನನ್ನ ಕಿರುಚಿತ್ರ ಒಂದು ಉತ್ಸವಕ್ಕೆ ಆಯ್ಕೆಯಾದಾಗ, ‘ಖುಷಿಯೂ ಇದೆ, ಸಂಕಟವೂ ಇದೆ, ಸೌಂಡ್ ಮಾಡಿದ ಹುಡುಗನಿಗೆ ಇನ್ನೂ ದುಡ್ಡು ಕೊಟ್ಟಿಲ್ಲ’ ಎಂದು ಇಲ್ಲೇ ಬರೆದಿದ್ದೆ. ದೊಡ್ಡಪ್ಪ ಮರೆತಿಲ್ಲ.

ತಮ್ಮ: ಭಾವ, ಎಲ್ಲಿಂದ ಬಂತಿದು? ಆಸ್ಕರ್ ಅಲ್ಲ, ಗೋಲ್ಡನ್ ಗ್ಲೋಬ್, ಅಮೆರಿಕದ್ದೇ ಬೇರೆ ಪ್ರಶಸ್ತಿ. ನಿನ್ನೆ ಘೋಷಣೆ ಆಯ್ತು. ನಿರ್ದೇಶನಕ್ಕೆ ಒಂದು, ಇಂಗ್ಲಿಷೇತರ ಚಿತ್ರಕ್ಕೆ ಒಂದು. ಆಸ್ಕರ್‌ಗೆ ನಮ್ಮವರು ಕಳಿಸಿದ್ದು ‘ಲಾಪತಾ ಲೇಡೀಸ್’. ಮೊದಲನೆಯವರೂ ಅಲ್ಲ, 1999ರಲ್ಲೇ ಶೇಖರ್ ಕಪೂರ್ ‘ಎಲಿಜಬೆತ್’ಗೆ ಗ್ಲೋಬ್ ನಾಮಿನೇಟ್ ಆಗಿದ್ರು.

ಭಾವ: ನನಗೆ ಬಂದದ್ದು ಕಳಿಸಿದೆ. ನೀನು ತಪ್ಪು ಹುಡುಕೋಕೇ ಕಾಯ್ತಿರ್ತೀಯ.

ತಮ್ಮ: ‘ಕಾಂತಾರ’ ಆಸ್ಕರ್‌ಗೆ ನಾಮಿನೇಟ್ ಅಂತ ಸಿಹಿ ಹಂಚಿದ್ದೂ ನೀವೇ. ಅದು ಬರೀ 301 ಚಿತ್ರಗಳ ಅರ್ಹತಾ ಪಟ್ಟಿ, ನಾಮಿನೇಷನ್ ಅಲ್ಲ.

ಭಾವ: ನಮ್ಮ ಗೃಹಪ್ರವೇಶಕ್ಕೆ ಬರದವನು ಸಿಹಿಯ ಲೆಕ್ಕ ಇಟ್ಟಿದ್ದಾನೆ!

ಅಲ್ಲಿಂದ ಹತ್ತಿಪ್ಪತ್ತು ಮೆಸೇಜು ಗೃಹಪ್ರವೇಶದ್ದೇ. ಯಾರಿಗೆ ಫೋನ್ ಮಾಡಿ ಕರೆದರು, ಯಾರಿಗೆ ಬರೀ ಕಾರ್ಡ್ ಕಳಿಸಿದರು.

ಚಿಕ್ಕಮ್ಮ: ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಅವಾರ್ಡ್ ಸಿನಿಮಾ ಬರ್ತಿತ್ತಲ್ಲ? ಊಟ ಮಾಡಿ ನಾವೆಲ್ಲ ಅಲ್ಲೇ ಉರುಳ್ಕೋತಿದ್ವಿ. ಅಜ್ಜಿ ಒಬ್ಬಳೇ ಕೂತು ‘ಘಟಶ್ರಾದ್ಧ’ ನೋಡಿದಳು. ಸಂಜೆ ದೀಪ ಹಚ್ಚೋವರೆಗೂ ಯಾರ ಹತ್ರನೂ ಮಾತಾಡಲಿಲ್ಲ.

ಇದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ನಾನು: ದೊಡ್ಡಪ್ಪ, ಆಕೆ ದೇಶವನ್ನು ಬೈದಿಲ್ಲ. ಮೇ ತಿಂಗಳಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಇದೇ ಸಿನಿಮಾಕ್ಕೆ ಗ್ರ್ಯಾಂಡ್ ಪ್ರಿ ಬಹುಮಾನ ತಗೊಳ್ಳುವಾಗ, ಇನ್ನೊಂದು ಭಾರತೀಯ ಸಿನಿಮಾಕ್ಕೆ ಮತ್ತೆ 30 ವರ್ಷ ಕಾಯಬೇಡಿ ಅಂದ್ರು. ಆ ಮಾತು ಕಾನ್‌ನವರಿಗೆ. ಅಲ್ಲಿನ ಮುಖ್ಯ ಸ್ಪರ್ಧೆಗೆ ಇದಕ್ಕೆ ಮುಂಚೆ ನಮ್ಮ ದೇಶದ ಸಿನಿಮಾ ಹೋಗಿದ್ದು 1994ರಲ್ಲಿ, ಮಲಯಾಳದ ‘ಸ್ವಾಹಂ’. ಬಹುಮಾನ ಕೈಯಲ್ಲಿದ್ದಾಗಲೂ ಹೊರಗೆ ಉಳಿದವರ ನೆನಪಾಗೋದು ಕೃತಘ್ನತೆ ಅಲ್ಲ. ನಾಮಿನೇಷನ್ ಬಂದರೆ ನಮ್ಮಂಥವರಿಗೆ ಭಯವೂ ಆಗುತ್ತೆ. ಆವತ್ತಿಂದ ನಮ್ಮ ಚಿತ್ರಕ್ಕೆ ‘ಅವಾರ್ಡ್ ಸಿನಿಮಾ’ ಅಂತ ಹೆಸರು. ನೋಡೋಕೆ ಮೊದಲೇ ನಿದ್ದೆ ಬರುತ್ತೆ ಅಂತೀರಿ, ಥಿಯೇಟರಿನವರು ಶೋ ಕೊಡಲ್ಲ. ನಾಮಿನೇಷನ್ ಬರದಿದ್ದರೆ ಈ ಗುಂಪಿನಲ್ಲಿ ಪಾಯಲ್ ಸಿನಿಮಾದ ಸುದ್ದಿಯೇ ಬರ್ತಿರಲಿಲ್ಲ, ಅದೂ ನಿಜ. ಈಗಲೂ ಸಿನಿಮಾ ಯಾವುದರ ಬಗ್ಗೆ ಅಂತ ಒಬ್ಬರೂ ಕೇಳಿಲ್ಲ. ಮುಂಬೈನಲ್ಲಿ ಒಂದೇ ಮನೆಯಲ್ಲಿರೋ ಇಬ್ಬರು ಮಲಯಾಳಿ ನರ್ಸುಗಳ ಕಥೆ.

ದೊಡ್ಡಪ್ಪ: ಅದೆಲ್ಲ ಇರಲಿ. ಆ ಸೌಂಡ್ ಹುಡುಗನಿಗೆ ದುಡ್ಡು ಕೊಟ್ಟೆಯಾ?

ನಾನು: ಯುಗಾದಿಗೇ ಕೊಟ್ಟೆ.

ದೊಡ್ಡಪ್ಪ: ಅದನ್ನು ಯಾಕೆ ಗುಂಪಿನಲ್ಲಿ ಹೇಳಲಿಲ್ಲ?

ಸಂಜೆ ಅತ್ತೆಯ ಮೆಸೇಜು ಬಂತು. ಇಪ್ಪತ್ತಾರು ವರ್ಷ ಮುಂಬೈನಲ್ಲಿ ನರ್ಸ್ ಆಗಿದ್ದವರು. ಹಬ್ಬಕ್ಕೆ ಶುಭಾಶಯ ಬಿಟ್ಟರೆ ಗುಂಪಿನಲ್ಲಿ ಏನೂ ಬರೆಯುವವರಲ್ಲ.

ಅತ್ತೆ: ನರ್ಸುಗಳದ್ದಾ? ಡ್ಯೂಟಿ ಮುಗಿಸಿ ಲೋಕಲ್ ಟ್ರೈನಿನಲ್ಲಿ ಬರೋದು ತೋರಿಸಿದ್ದಾರಾ?

ನಾನು: ತೋರಿಸಿದ್ದಾರೆ ಅತ್ತೆ. ಮಳೆಯೂ ಇದೆ. ಒಬ್ಬಳಿಗೆ ಜರ್ಮನಿಯಿಂದ ಒಂದು ರೈಸ್ ಕುಕ್ಕರ್ ಬರುತ್ತೆ, ಜೊತೆಗೆ ಒಂದು ಚೀಟಿ ಕೂಡ ಇಲ್ಲ. ಗಂಡ ಅಲ್ಲಿರ್ತಾನೆ.

ಅತ್ತೆ: ಯಾವ ಥಿಯೇಟರ್?

ಹುಡುಕಿದೆ. ಊರಾಚೆಯ ಮಾಲ್‌ನಲ್ಲಿ ರಾತ್ರಿ 10:20ರ ಶೋ ಒಂದೇ ಉಳಿದಿತ್ತು. ತುಂಬಾ ತಡವಾಗುತ್ತೆ ಅಂತ ಬರೆದೆ.

ಅತ್ತೆ: ನೈಟ್ ಡ್ಯೂಟಿ ಮಾಡಿದವಳಿಗೆ ಅದೇನು ತಡ? ಎರಡು ಟಿಕೆಟ್ ತಗೋ.