ಕಾರವಾರ ಕಡೆ ಸರ್ಕಾರಿ ಶಾಲೆ: ಪೋಷಕರನ್ನು ಸಭೆಗೆ ತರುವುದು ಹೇಗೆ?

ಕಾಳಿ ದಂಡೆ:
ನಾನು ಕಾರವಾರ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಪ್ಪಂದಿರು ಹೆಚ್ಚಿನವರು ಟ್ರಾಲರ್ ಬೋಟಿಗೆ ಹೋಗುವವರು, ತಾಯಂದಿರು ಮೀನು ಮಾರುವವರು, ಮನೆಮಾತು ಕೊಂಕಣಿ. ಶನಿವಾರ ಹನ್ನೊಂದಕ್ಕೆ ಸಭೆ ಕರೆದರೆ ನಾಲ್ಕೈದು ಜನ ಬಂದು, ಹಿಂದಿನ ಸಾಲಲ್ಲಿ ಸುಮ್ಮನೆ ಕೂತು, ಸಹಿ ಹಾಕಿ ಹೋಗ್ತಾರೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯೂ ಹಾಗೇ. ಯಾವಾಗ ಕರೆಯಬೇಕು, ಬಂದವರ ಹತ್ರ ಏನು ಮಾತಾಡಬೇಕು, ಸಮಿತಿಯಿಂದ ಕೆಲಸ ಹೇಗೆ ಮಾಡಿಸಬೇಕು? ತಿಳಿದವರು ಬಿಡಿಸಿ ಹೇಳಿ.

ಗಂಗಾವಳಿ:
ಅಕ್ಕೋರೇ, ಮೊದಲು ಹೊತ್ತು ಬದಲಾಯಿಸಿ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡ ತಾಯಿ ಬುಟ್ಟಿ ಖಾಲಿಯಾಗುವ ತನಕ ಪೇಟೆ ಬಿಡುವ ಹಾಗಿಲ್ಲ. ಹನ್ನೊಂದಕ್ಕೆ ಶಾಲೆಗೆ ಬಂದರೆ ಆ ದಿನದ ದುಡಿಮೆ ಹೋಯ್ತು. ಸಂಜೆ ನಾಲ್ಕೂವರೆಯಿಂದ ಆರು ಸರಿಯಾದ ಹೊತ್ತು. ಭಾನುವಾರ ಕಾರವಾರದಲ್ಲಿ ಸಂತೆ, ಅದೂ ಬೇಡ.

ಅಪ್ಪಂದಿರಿಗೆ ಜೂನ್ ತಿಂಗಳೇ ಒಳ್ಳೇದು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ, ಶಾಲೆಯೂ ಆಗಲೇ ಶುರುವಾಗಿರ್ತದೆ. ವರ್ಷದ ಮೊದಲ ಸಭೆಯನ್ನು ಜೂನ್ ಮೂರನೇ ವಾರಕ್ಕೆ ಇಡಿ. ಆಗಸ್ಟ್‌ಗೆ ತಳ್ಳಿದರೆ ಬೋಟು ಕಡಲಿಗೆ ಇಳಿದಿರ್ತದೆ, ಅವರು ಸಿಗೋದಿಲ್ಲ. ನಾಡದೋಣಿಯವರ ಲೆಕ್ಕ ಬೇರೆ, ಅವರನ್ನು ಕೇಳಿಯೇ ದಿನ ನಿಗದಿ ಮಾಡಿ. ಮಳೆ ಜೋರಿದ್ದರೆ ಶಾಲೆಗೇ ಬನ್ನಿ ಎಂದು ಹಟ ಹಿಡಿಯದೆ ಕೇರಿಯಲ್ಲೇ ಯಾವುದಾದರೂ ದೊಡ್ಡ ಜಗಲಿ ನೋಡಿ.

ಡೈರಿಯಲ್ಲಿ ಅಂಟಿಸಿದ ಸುತ್ತೋಲೆಯನ್ನು ನಂಬಬೇಡಿ. ಮಗುವಿನ ಕೈಯಲ್ಲೇ ಮೂರು ಸಾಲು ಬರೆಸಿ ಕಳಿಸಿ, ಹಿಂದಿನ ಸಂಜೆ ಒಂದು ಫೋನ್ ಮಾಡಿ. ಸಭೆಯಲ್ಲಿ ಕೊಂಕಣಿ, ಕನ್ನಡ ಎರಡೂ ಬಲ್ಲ ಒಬ್ಬ ತಾಯಿ ನಿಮ್ಮ ಪಕ್ಕ ಕೂತಿರಲಿ.

ಘಟ್ಟದ ಮೇಲಿನವ:
ಶಿರಸಿ, ಸಿದ್ದಾಪುರ ಕಡೆಯವರಿಗೆ ಒಂದೇ ಮಾತು: ಅಡಿಕೆ ಕೊನೆಕೊಯ್ಲು ಶುರುವಾದ ಮೇಲೆ ಸಂಜೆ ಸಭೆ ಇಡಬೇಡಿ. ಅಡಿಕೆ ಸುಲಿಯುವ ಕೆಲಸ ಆಗಲೇ. ದಸರಾ ರಜೆಗೆ ಮೊದಲೇ ಮುಗಿಸಿ.

ನಲಿಕಲಿ ಕೋಣೆ:
ಹೊತ್ತು ಸರಿಹೋದರೂ ಭಾಷಣ ಇಟ್ಟರೆ ಮುಂದಿನ ಸಲ ಯಾರೂ ಇಲ್ಲ. ಪೋಷಕರಿಗೆ ಬೇಕಾದದ್ದು ತಮ್ಮ ಮಗುವಿನ ಸುದ್ದಿ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಸಹ ಅದನ್ನೇ ಹೇಳ್ತದೆ: ಶಿಕ್ಷಕರು ಪೋಷಕರ ಜೊತೆ ನಿಯಮಿತವಾಗಿ ಕೂತು ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು.

ಪ್ರತಿ ಪೋಷಕರನ್ನೂ ಅವರ ಮಗು ಕೂರುವ ಜಾಗದಲ್ಲೇ ಕೂರಿಸಿ. ಕೈಗೆ ಮಗುವಿನ ನೋಟುಬುಕ್ಕು ಕೊಡಿ, ಎರಡು ಪುಟ ಗುರುತು ಹಾಕಿರಲಿ: ಒಂದು ಹಳೇದು, ಒಂದು ಈ ವಾರದ್ದು. ಅಕ್ಷರ ಬಾರದ ತಾಯಿಗೂ ಈ ವ್ಯತ್ಯಾಸ ಕಾಣ್ತದೆ. ಆಮೇಲೆ ಮಗು ತಾಯಿಗೆ ಒಂದು ಪುಟ ಓದಿ ಹೇಳಲಿ. ನಲಿ-ಕಲಿ (ಚಟುವಟಿಕೆಯಿಂದ ಕಲಿಸುವ ಕೆಳಗಿನ ತರಗತಿ) ಆದರೆ ಪ್ರಗತಿ ನೋಟದ, ಅಂದರೆ ಪ್ರತಿ ಮಗುವಿನ ಕಲಿಕೆ ಗುರುತಿಸುವ ಪಟ್ಟಿಯ ಹತ್ತಿರ ಕರೆದೊಯ್ದು ಮಗು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ.

ನಂತರ ಒಬ್ಬೊಬ್ಬರ ಜೊತೆ ಐದು ನಿಮಿಷ. ಈಗ ಏನು ಬರ್ತದೆ, ಮುಂದೆ ಏನು ಕಲಿಯಬೇಕು, ಮನೆಯಲ್ಲಿ ಮಾಡಬಹುದಾದ ಒಂದೇ ಒಂದು ಕೆಲಸ ಯಾವುದು, ಇಷ್ಟು ಹೇಳಿ. ನೀವೂ ಒಂದು ಪ್ರಶ್ನೆ ಕೇಳಿ: ಮನೆಯಲ್ಲಿ ಇವನಿಗೆ ಏನು ಇಷ್ಟ? 30 ಮಕ್ಕಳಿಗೆ ಐದೈದು ನಿಮಿಷ ಎಂದರೆ ಎರಡೂವರೆ ತಾಸು, ಒಂದೇ ಸಂಜೆಗೆ ಆಗದು. ಹತ್ತು ಹತ್ತು ಮನೆಯಂತೆ ಮೂರು ಸಂಜೆ ಮಾಡಿ.

ಮನೆಗೆ ಹೇಳುವ ಕೆಲಸ ಅವರ ಬದುಕಿನಲ್ಲೇ ಇರಲಿ. "ಪಾಠ ಓದಿಸಿ" ಎಂದರೆ ಓದು ಬಾರದ ತಾಯಿ ಕುಗ್ಗುತ್ತಾಳೆ. "ನೂರು ರೂಪಾಯಿಗೆ 8 ಬಂಗುಡೆ ಆದರೆ ಇನ್ನೂರೈವತ್ತಕ್ಕೆ ಎಷ್ಟು ಅಂತ ಕೇಳಿ" ಎಂದರೆ ಅವಳೇ ಗುರು. ಕೊಂಕಣಿಯಲ್ಲಿ ಕತೆ ಹೇಳುವುದೂ ಕಲಿಕೆಯೇ, ಅದನ್ನು ಬಾಯಿಬಿಟ್ಟು ಹೇಳಿ. ಮನೆಯಲ್ಲಿ ಕನ್ನಡವನ್ನೇ ಆಡಿ ಎಂದು ದಯವಿಟ್ಟು ಹೇಳಬೇಡಿ.

ಕೆಡುವುದು ಎಲ್ಲಿ ಅಂದರೆ, ಎಲ್ಲರೆದುರು ಗೈರುಹಾಜರಿ ಓದಿ ಬೈಯುವುದು, ಮೊದಲ ಸಭೆಯಲ್ಲೇ ದೇಣಿಗೆ ಕೇಳುವುದು. ಪೋಷಕರಿಗೆ ಮಕ್ಕಳ ಕಲಿಕೆ ತೋರಿಸುವ "ಸಮುದಾಯದತ್ತ ಶಾಲೆ" ಕಾರ್ಯಕ್ರಮದ ದಿನ ಕೂಡ ಬರೀ ಉತ್ತರ ಪತ್ರಿಕೆಯ ಅಂಕ ಓದಿ ಮುಗಿಸಿದರೆ ತಾಯಿಗೆ ಸಿಗುವುದು ಅವಮಾನ ಮಾತ್ರ.

ನಡಾವಳಿ ಪುಸ್ತಕ:
ಎಸ್‌ಡಿಎಂಸಿ ವಿಷಯ. 2009ರ ಅದೇ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಖರ್ಚು ನೋಡುವುದು ಅವರ ಹಕ್ಕು. ನಡಾವಳಿ (ಸಭೆಯ ತೀರ್ಮಾನ ಬರೆಯುವ) ಪುಸ್ತಕ ಮನೆಮನೆಗೆ ಕಳಿಸಿ ಸಹಿ ತರಿಸುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಒಂದು ವಾರ ಮೊದಲು ನೋಟಿಸು, ಮೂರೇ ವಿಷಯ. ಕೊನೆಗೆ ನಡಾವಳಿಯನ್ನು ಗಟ್ಟಿಯಾಗಿ ಓದಿದ ಮೇಲೆ ಸಹಿ.

ಪ್ರತಿ ಸದಸ್ಯರಿಗೂ ಕಣ್ಣಿಗೆ ಕಾಣುವ ಒಂದು ಕೆಲಸ ಕೊಡಿ. ಬಿಸಿಯೂಟ ಎಲ್ಲಕ್ಕಿಂತ ಸುಲಭ. 1ರಿಂದ 5ನೇ ತರಗತಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150, 30, 75. ಅಡುಗೆ ಕೋಣೆಯ ಗೋಡೆಗೆ ಬರೆದು, ಸರದಿ ಮೇಲೆ ತಾಯಂದಿರು ತೂಕ ನೋಡಿ, ರುಚಿ ನೋಡಿ ಪುಸ್ತಕದಲ್ಲಿ ಗುರುತು ಹಾಕಲಿ. ಅವರು "ಬೇಳೆ ಕಡಿಮೆ" ಎಂದ ದಿನ ಅದನ್ನು ಸರಿ ಮಾಡಿ ಮುಂದಿನ ಸಭೆಯಲ್ಲಿ ತಿಳಿಸಬೇಕು. ಹೇಳಿದ್ದಕ್ಕೆ ಉತ್ತರ ಸಿಗದಿದ್ದರೆ ಮತ್ತೆ ಬಾಯಿ ಮುಚ್ಚುತ್ತಾರೆ.

ಕಾಳಿ ದಂಡೆ:
ಉಪಕಾರ ಆಯ್ತು. ಎಷ್ಟು ಕರೆದರೂ ಬಾರದ ಮನೆಗಳಿಗೆ?

ಗಂಗಾವಳಿ:
ನೀವೇ ಹೋಗಿ, ಆದರೆ ಬಾರದ ಮನೆಗಳಿಗೆ ಮಾತ್ರ ಅಲ್ಲ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ 1998ರಲ್ಲಿ ಶುರುವಾದ ಶಿಕ್ಷಕರ ಮನೆಭೇಟಿ ಪದ್ಧತಿಯ ನಿಯಮಗಳು ಇಲ್ಲಿಗೂ ಹೊಂದ್ತವೆ: ಮೊದಲೇ ಕೇಳಿ, ಒಪ್ಪಿದರೆ ಮಾತ್ರ ಹೋಗುವುದು, ಇಬ್ಬರು ಒಟ್ಟಿಗೆ ಹೋಗುವುದು, ಹಿಂದುಳಿದ ಮಕ್ಕಳನ್ನಷ್ಟೇ ಆರಿಸದಿರುವುದು, ಮೊದಲ ಭೇಟಿಯಲ್ಲಿ ಮಗುವಿನ ಬಗ್ಗೆ ಅವರ ಆಸೆ ಏನೆಂದು ಕೇಳುವುದು. ಗೈರಾದಾಗ ಮಾತ್ರ ಹೋದರೆ ಅಕ್ಕೋರು ಬಂದರು ಎಂದರೆ ದೂರು ಬಂತು ಅಂತಲೇ ಮನೆಯವರು ತಿಳೀತಾರೆ. ಹಾಜರಿ ಪುಸ್ತಕ, ಅರ್ಜಿ ನಮೂನೆ ಏನೂ ಒಯ್ಯಬೇಡಿ. ಅರ್ಧ ತಾಸು ಸಾಕು. ವಾರಕ್ಕೆ ಎರಡು ಮನೆ ಅಂದರೂ 40 ಮನೆ 20 ವಾರದಲ್ಲಿ ಮುಗೀತದೆ. ಬೋಟು ಇಳಿಯುವ ಮೊದಲು ಮೀನುಗಾರರ ಕೇರಿ, ಉಳಿದವು ಆಮೇಲೆ.