.303ಗೆ ಎರಕದ ಗುಂಡು, ಸರ್‌ಪ್ಲಸ್ 872 ಮದ್ದು: ಅನುಭವ ಇದ್ದವರು ಹೇಳಿ

ಓಹಾಯೋ ಹೊಸಬ: ಲೀ-ಎನ್‌ಫೀಲ್ಡ್ ನಂ. 4, .303ರ ಹಳೇ ಬ್ರಿಟಿಷ್ ಮಿಲಿಟರಿ ಕೋವಿ, ತೋಟಾ ನಾನೇ ತುಂಬ್ತೀನಿ. ಸೇನೆಯ ಉಳಿಕೆ (ಸರ್‌ಪ್ಲಸ್) ಮದ್ದು ಡಬ್ಲ್ಯೂಸಿ 872, ಎಂಟು ಪೌಂಡ್ ಡಬ್ಬಿ ಅಗ್ಗಕ್ಕೆ ಸಿಕ್ಕಿತು. 185 ಗ್ರೇನ್ ತೂಕದ ಎರಕದ ಸೀಸದ ಗುಂಡು, ಗ್ಯಾಸ್ ಚೆಕ್ (ತಳಕ್ಕೆ ಲೋಹದ ಟೋಪಿ) ಹಾಕಿ .311 ಇಂಚಿಗೆ ಸೈಜ್ ಮಾಡಿದ್ದು. ಮಾಮೂಲಿ ಪ್ರೈಮರ್ (ಮದ್ದಿಗೆ ಕಿಡಿ ಕೊಡೋದು). ನಳಿಕೆಯಲ್ಲಿ ಉರಿಯದ ಹಳದಿ ಕಾಳು ಉಳಿಯುತ್ತೆ, ಚೇಂಬರ್ (ತೋಟಾ ಕೂರೋ ಜಾಗ) ಕಡೆಯ ನಾಲ್ಕೈದು ಇಂಚಿಗೆ ಸೀಸ ಅಂಟುತ್ತೆ. 100 ಗಜಕ್ಕೆ ಎಂಟು ಇಂಚು ಹರಡುತ್ತೆ. ಏನು ಬದಲಾಯಿಸಲಿ?

ಮೂವತ್ತಾರು: ನಾನು ಬಳಸೋದು .30-06ರಲ್ಲಿ, ಆದರೆ ಮದ್ದು ಅದೇ. 872 ತಯಾರಾಗಿದ್ದು 20 ಮಿ.ಮೀ. ತೋಪಿಗೆ. ಕಾಳಿನ ಮೇಲೆ ಉರಿಯನ್ನು ತಡೆಯೋ ಲೇಪನ ದಪ್ಪಗಿದೆ, ಒತ್ತಡ ಏರದೆ ಅದು ಉರಿಯಲ್ಲ. ಹಗುರ ಗುಂಡು ಸಡಿಲವಾಗಿ ಕೂತಿದ್ದರೆ ಒತ್ತಡ ಏರೋ ಮೊದಲೇ ಮುಂದಕ್ಕೆ ಜಾರಿಬಿಡುತ್ತೆ. ಹಾಗಾಗಿ ಮ್ಯಾಗ್ನಮ್ ಪ್ರೈಮರ್ (ಸಿಸಿಐ 250, ಫೆಡರಲ್ 215), 200 ಗ್ರೇನ್ ಮೇಲಿನ ಗುಂಡು, ಗಟ್ಟಿ ಕ್ರಿಂಪ್ (ಹಿತ್ತಾಳೆ ಕೇಸಿನ ಬಾಯಿಯನ್ನು ಗುಂಡಿಗೆ ಒತ್ತಿ ಬಿಗಿಯೋದು). ಇಷ್ಟಾದರೂ ಚಳಿಗಾಲದಲ್ಲಿ ಕಾಳು ಉಳಿದೇ ಉಳಿಯುತ್ತೆ. ಬೋಲ್ಟ್ ಲಗ್ (ಬೋಲ್ಟಿಗೆ ಬೀಗ ಹಾಕೋ ಚಾಚು) ಸಂದಿಗೆ ಕಾಳು ಸೇರಿದರೆ ಬೋಲ್ಟ್ ಮುಚ್ಚಲ್ಲ, ಪ್ರತಿ ಗುಂಡಿಗೂ ಊದಿ. ಇನ್ನೊಂದು, ಈ ಜಾತಿಯ ನಿಧಾನ ಮದ್ದನ್ನು ಅರ್ಧ ಕೇಸ್ ಹಾಕಿ ‘ಹಗುರ ಲೋಡ್’ ಮಾಡಬೇಡಿ. ಒತ್ತಡ ಕಡಿಮೆ ಆಗೋದಿರಲಿ, ಕೋವಿ ಒಡೆದ ಪ್ರಕರಣಗಳಿವೆ. ಇಳಿಸಲೇಬೇಕು ಅಂದರೆ ಹಾಜ್ಡನ್‌ನವರು ಗರಿಷ್ಠದ 60%ವರೆಗೆ ಇಳಿಸಬಹುದು ಅನ್ನೋ ಎಚ್4895 ಮದ್ದು ಇದೆ.

ಇಶಾಪುರ: ಎಲ್ಲರೂ ಮದ್ದಿನ ಬಗ್ಗೆನೇ ಮಾತಾಡ್ತೀರ. ಚೇಂಬರ್ ಕಡೆ ಸೀಸ ಅಂಟಿದೆ ಅಂದರೆ ಗುಂಡು ಸಣ್ಣದಾಗಿ ಪಕ್ಕದಿಂದ ಬಿಸಿ ಗಾಳಿ ನುಗ್ತಿದೆ. ನಳಿಕೆಯ ಬಾಯಿ ಕಡೆ ಅಂಟಿದ್ದರೆ ಲೂಬ್ (ಗುಂಡಿಗೆ ಹಚ್ಚೋ ಜಿಡ್ಡು) ಸಾಲ್ತಿಲ್ಲ. ನನ್ನದು ನಂ. 1 ಮಾರ್ಕ್ 3 ಎನ್‌ಫೀಲ್ಡ್, ಕೊರಕಲಿನ (ನಳಿಕೆಯೊಳಗಿನ ಸುರುಳಿ ಗೀರು) ಅಳತೆ .315. ಎನ್‌ಫೀಲ್ಡ್‌ಗಳಲ್ಲಿ .313, .314 ಮಾಮೂಲು. ಮೆತ್ತನೆ ಸೀಸದ ಮೀನುಗಾಳದ ಗುಂಡಿಗೆ ಎಣ್ಣೆ ಸವರಿ ನಳಿಕೆಯಲ್ಲಿ ತಳ್ಳಿ ಅಳೆಯಿರಿ. ಐದು ಕೊರಕಲಿನ ನಳಿಕೆ ಆದರೆ ಕೊರಕಲಿನ ಎದುರಿಗೆ ಕೊರಕಲು ಬರಲ್ಲ, ಮೈಕ್ರೋಮೀಟರ್ ಸುಳ್ಳು ಹೇಳುತ್ತೆ. ತೆಳು ತಗಡನ್ನು ಆ ಗುಂಡಿಗೆ ಒಂದು ಸುತ್ತು ಸುತ್ತಿ ಅಳೆದು ದಪ್ಪದ ಎರಡರಷ್ಟು ಕಳೆಯಿರಿ. ಕೊರಕಲಿಗಿಂತ ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಹೆಚ್ಚಿಗೆ ಸೈಜ್ ಮಾಡಿ. ಮಾಮೂಲಿ ಎಕ್ಸ್‌ಪ್ಯಾಂಡರ್ (ಕೇಸಿನ ಕತ್ತು ಅಗಲಿಸೋ ಸಾಧನ) ಬಿಡಿ, ಅದು ಜಾಕೆಟ್ ಗುಂಡಿನ ಅಳತೆಯದು, ಬಿಗಿ ಕತ್ತಿನ ಕೇಸ್ ಮೆತ್ತನೆ ಗುಂಡನ್ನೇ ಹಿಂಡಿ ಸಣ್ಣ ಮಾಡುತ್ತೆ. ಹೊಡೆದ ಕೇಸಿನ ಬಾಯಿಗೆ ದಪ್ಪ ಗುಂಡು ಕೈಯಲ್ಲೇ ಇಳಿದರೆ ಚೇಂಬರಿನಲ್ಲಿ ಜಾಗ ಇದೆ ಅಂತ.

ಲೈನೋಟೈಪ್: ಅಳತೆ ಒಂದೇ ಸಾಲದು ಸಾರ್. ನನ್ನದು ಲೈನೋಟೈಪ್, ಹಳೇ ಮುದ್ರಣಾಲಯದ ಅಚ್ಚಿನ ಲೋಹ: ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಬ್ರಿನೆಲ್ ಗಡಸುತನ 22. ದುಬಾರಿ ಆದರೂ ಅಚ್ಚು ತುಂಬೋ ರೀತಿಯೇ ಬೇರೆ.

ಇಶಾಪುರ: 872 ಕೊಡೋ ಒತ್ತಡಕ್ಕೆ 22 ಯಾಕೆ? ಗಡಸು ಗುಂಡು ಉಬ್ಬಿ ಕೊರಕಲು ತುಂಬಲ್ಲ, ಸಣ್ಣದಿದ್ದರೆ ಇನ್ನೂ ಕೆಡುತ್ತೆ. ಚಕ್ರದ ತೂಕ (ಕಾರಿನ ಚಕ್ರದ ಸಮತೂಕಕ್ಕೆ ಸಿಕ್ಕಿಸೋ ಸೀಸ), ಅದಕ್ಕೆ 2% ತವರ. ಮುಗೀತು.

ಲೈನೋಟೈಪ್: ಚಕ್ರದ ತೂಕ ಎಲ್ಲಿ ಸಿಗುತ್ತೆ ಈಗ? ಬಕೆಟ್ಟಿನ ಅರ್ಧ ಸತು, ಕಬ್ಬಿಣ. ಸತು ಒಂದು ಹಿಡಿ ಕರಗಿದರೂ ಅಚ್ಚಿನ ಮೂಲೆ ತುಂಬಲ್ಲ, ಇಡೀ ಪಾತ್ರೆ ಹಾಳು.

ಇಶಾಪುರ: ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಸತುವಿಗೆ 420 ಬೇಕು. 370 ಮೀರದೆ ಕರಗಿಸಿ, ತೇಲೋದನ್ನ ತೆಗೆದು ಎಸೆಯಿರಿ. ಕಟಿಂಗ್ ಪ್ಲೇಯರ್ ಹಾಕಿದರೆ ಸೀಸ ಕಚ್ಚಿಸಿಕೊಳ್ಳುತ್ತೆ, ಸತು ಜಾರುತ್ತೆ. ಬಕೆಟ್ ಕೊಂಡು ಬೈಯೋದಕ್ಕಿಂತ ಆರಿಸಿಕೊಳ್ಳೋದು ಒಳ್ಳೇದು.

ಲೆಕ್ಕದವ: ಅಗ್ಗ ಅಂದಿರಲ್ಲ, ಲೆಕ್ಕ ನೋಡಿ. ಪೌಂಡಿಗೆ 7000 ಗ್ರೇನ್. ಕೇಸ್ ತುಂಬ ಅಂದರೆ ಸುಮಾರು 48 ಗ್ರೇನ್ ಅಂತಿಟ್ಟುಕೊಳ್ಳಿ, ಪೌಂಡಿಗೆ 145 ಗುಂಡು. ಪೌಂಡ್ 10 ಡಾಲರ್ ಆದರೆ ಗುಂಡಿಗೆ 7 ಸೆಂಟ್. ಹ್ಯಾಜ್‌ಮ್ಯಾಟ್ (ಅಪಾಯದ ಸರಕಿನ) ಶುಲ್ಕ, ಸಾಗಾಟ ಸೇರಿ 18 ಆಯಿತು ಅಂದರೆ 12 ಸೆಂಟ್ ದಾಟುತ್ತೆ. ವೇಗದ 2400 ಮದ್ದು ಪೌಂಡಿಗೆ 45 ಡಾಲರ್ ಕೊಟ್ಟರೂ, ಮಿಲಿಟರಿ ಕೋವಿಯ ಹಳೇ ಎರಕದ ಲೋಡ್ 16 ಗ್ರೇನ್, ಅಂದರೆ 437 ಗುಂಡು, 10 ಸೆಂಟ್. ಮ್ಯಾಗ್ನಮ್ ಪ್ರೈಮರ್ ಹೆಚ್ಚುವರಿ ಬೇರೆ.

ಮೂವತ್ತಾರು: 16 ಗ್ರೇನ್ ಅಂದರೆ ಕೇಸಿನಲ್ಲಿ ಎರಡನೇ ಸಲ ಸುರಿದರೂ ಗೊತ್ತಾಗಲ್ಲ. ಆಗ ಹೋಗೋ ನಳಿಕೆಯ ದುಡ್ಡು ಆ ಲೆಕ್ಕದಲ್ಲಿ ಎಲ್ಲಿದೆ? 872 ಎರಡು ಸಲ ಸುರಿದರೆ ಬೆಂಚಿನ ಮೇಲೆ ಚೆಲ್ಲುತ್ತೆ.

ಲೆಕ್ಕದವ: ಐವತ್ತು ಕೇಸ್ ಬ್ಲಾಕ್‌ನಲ್ಲಿಟ್ಟು ಟಾರ್ಚ್ ಬಿಟ್ಟು ನೋಡೋಕೆ ಕಣ್ಣಿಲ್ವಾ?

ಡ್ಯುಪ್ಲೆಕ್ಸ್: ಇಷ್ಟೆಲ್ಲ ಯಾಕೆ. ಪ್ರೈಮರ್ ಹತ್ತಿರ ಒಂದು ಚಿಟಿಕೆ ವೇಗದ ಮದ್ದು, ಮೇಲೆ 872. ಒಂದು ಕಾಳು ಉಳಿಯಲ್ಲ.

ಮೂವತ್ತಾರು: ಹೊಸಬರು ಕೇಳಿದ ಕಡೆ ಇದನ್ನ ಬರೀಬೇಡಿ ಮಾರಾಯ್ರೆ. ‘ಚಿಟಿಕೆ’ ಅಂದರೆ ಎಷ್ಟು? ಪ್ರಕಟವಾದ ಡೇಟಾ ಇಲ್ಲ. ಕಾರಿನಲ್ಲಿ ಅಲುಗಿದರೆ ಪದರ ಕಲೆಸುತ್ತೆ. ಸರ್‌ಪ್ಲಸ್‌ನಲ್ಲಿ ಲಾಟ್‌ಗೊಂದು (ತಯಾರಾದ ಕಂತಿಗೊಂದು) ವೇಗ, ಸೇನೆಯವರೇ ಲಾಟ್ ನೋಡಿ ತೂಕ ಬದಲಾಯಿಸ್ತಾರೆ. ಒಂದು ಡಬ್ಬಿಯದ್ದು ಇನ್ನೊಂದಕ್ಕೆ ನಡೆಯಲ್ಲ.

ಡ್ಯುಪ್ಲೆಕ್ಸ್: ಕೇಸ್ ತುಂಬಿದ್ದರೆ ಅಲುಗಲ್ಲ. ಹೆದರೋರು ಅಂಗಡಿ ತೋಟಾ ಕೊಳ್ಳಲಿ.

ಮೂವತ್ತಾರು: ಹೆದರಿಕೆ ಅಲ್ಲ, ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯೋ ಯಂತ್ರ) ಇಲ್ಲದೆ ಊಹೆ ಮೇಲೆ ಮಾಡ್ತೀರಲ್ಲ, ಅದು. ಟಿಕ್ ಅಂದು ಸಿಡಿಯದಿದ್ದರೆ ಗುರಿಯ ಕಡೆ ಹಿಡಿದು ಅರ್ಧ ನಿಮಿಷ ಕಾಯಿರಿ. ‘ಪುಸ್’ ಅಂದರೆ ನಳಿಕೆಯಲ್ಲಿ ರಾಡ್ ಬಿಟ್ಟು ನೋಡದೆ ಮುಂದಿನದು ಹಾಕಬೇಡಿ. ಡಬ್ಬಿ ತೆರೆದಾಗ ಹುಳಿ ವಾಸನೆ, ಕೆಂಪು ಧೂಳು, ಕಂದು ಹೊಗೆ ಇದ್ದರೆ ಮದ್ದು ಕೊಳೆತಿದೆ, ಬಳಸಬೇಡಿ.

ಕೆಂಪು ಪುಡಿ: ಲೂಬ್ ಯಾರು ಹಾಕ್ತಾರೆ ಈಗ! ಪೌಡರ್ ಕೋಟ್ (ಬಣ್ಣದ ಪುಡಿಯ ಲೇಪನ) ಹಾಕಿ ಓವನ್ನಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ 20 ನಿಮಿಷ. ಒಂದೆರಡು ಥೌ ದಪ್ಪವೂ ಬರುತ್ತೆ, .312 ಗುಂಡು .314 ಆಗುತ್ತೆ. ಗ್ಯಾಸ್ ಚೆಕ್ ಆಮೇಲೆ ಹಾಕಿ.

ಇಶಾಪುರ: ಅಡುಗೆ ಓವನ್ನಲ್ಲಿ ಬೇಡ ಅಂತಲೂ ಸೇರಿಸಿ. ಜೇನುಮೇಣ-ಆಲಾಕ್ಸ್ (ಒಂದು ಬಗೆಯ ಜಿಡ್ಡು) ಅರ್ಧರ್ಧ ಬೆರೆಸಿದ ಲೂಬ್ ಇವತ್ತಿಗೂ ಕೆಲಸ ಮಾಡುತ್ತೆ, ಬಣ್ಣ ಹಚ್ಚಿದ್ದು ಮಕ್ಕಳ ಗೋಲಿ ತರ ಕಾಣುತ್ತೆ.

ಓಹಾಯೋ ಹೊಸಬ: ಹಾಗಾದರೆ ಮೊದಲು ನಳಿಕೆ ಅಳೆಯಲಾ? ಅಂಟಿದ ಸೀಸ ತೆಗೆಯೋದು ಹೇಗೆ?

ಕೆಂಪು ಪುಡಿ: ಪಾತ್ರೆ ತಿಕ್ಕುವ ತಾಮ್ರದ ಸ್ಕ್ರಬ್ಬರ್ ಎಳೆಯನ್ನು ಹಳೇ ಬ್ರಷ್‌ಗೆ ಸುತ್ತಿ. ಆಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು, ನಳಿಕೆ ಗೀರುತ್ತೆ.

ಲೈನೋಟೈಪ್: ಲೈನೋಟೈಪ್ ಹಾಕಿದ್ದರೆ ತಿಕ್ಕೋ ಕೆಲಸವೇ ಬರ್ತಿರಲಿಲ್ಲ.

ಇಶಾಪುರ: .311ರ ಲೈನೋಟೈಪ್ .315ರ ನಳಿಕೆಯಲ್ಲಿ? ಒಂದು ಡಬ್ಬಿ ಸ್ಕ್ರಬ್ಬರ್ ನಾನೇ ಕಳಿಸ್ತೀನಿ.