ಬೀಗರ ಮನೆಯ ಪಾಸೋವರ್ ಹಬ್ಬಕ್ಕೆ ಕೆಲಸವಿಲ್ಲದೆ ಹೋಗುವವರಿಗೆ: ಅನುಭವ ಹಂಚಿಕೆ

ಪ್ರಶ್ನೆ: ನನಗೆ 25 ವರ್ಷ. ಅಮೆರಿಕದಲ್ಲಿ ಎಂ.ಎಸ್. ಮುಗಿಸಿ ಒಪಿಟಿಯಲ್ಲಿದ್ದೇನೆ, ಅಂದರೆ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ. ಕೆಲಸವಿಲ್ಲದೆ ಒಟ್ಟು 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ; ಅದರಲ್ಲಿ 50 ದಿನ ಕಳೆದಿವೆ. ಅಕ್ಕನ ಅತ್ತೆಮನೆಯವರು ನ್ಯೂಜೆರ್ಸಿಯ ಯಹೂದಿಗಳು. ಈ ವಾರಾಂತ್ಯ ಅಲ್ಲಿ ಪಾಸೋವರ್ ಹಬ್ಬ. ಭಾವನ ಕಡೆಯ ಇಪ್ಪತ್ತು ಮಂದಿ ಸೇರುತ್ತಾರೆ. "ಈಗ ಏನು ಮಾಡುತ್ತಿದ್ದೀಯ?" ಎಂದು ಎಲ್ಲರೂ ಕೇಳುವರೆಂಬ ಅಳುಕಿನಿಂದ ಹೋಗುವುದೇ ಬೇಡವೆನಿಸಿದೆ. ಹೋದರೆ ಹೇಗೆ ನಡೆದುಕೊಳ್ಳಲಿ? ಕೆಲಸಕ್ಕೆ ನೆರವು ಕೇಳಬಹುದೇ?

ಶಿಕಾಗೋದಿಂದ ಒಬ್ಬರು:

ಖಂಡಿತ ಹೋಗಿ. ಆದರೆ ಬರಿಗೈಯಲ್ಲಿ ಹೋಗಬಾರದೆಂದು ಮನೆಯಲ್ಲಿ ಮಾಡಿದ ತಿಂಡಿಯನ್ನು ಒಯ್ಯಬೇಡಿ. ನಾನು ಮೊದಲ ವರ್ಷ ಪ್ರೀತಿಯಿಂದ ಮೈಸೂರು ಪಾಕ್ ಮಾಡಿ ಒಯ್ದಿದ್ದೆ. ಅದು ಹಬ್ಬ ಮುಗಿಯುವವರೆಗೂ ಕಾರಿನಲ್ಲೇ ಉಳಿಯಿತು. ಹಬ್ಬದ ದಿನಗಳಲ್ಲಿ ಹುಳಿ ಬಂದ ಗೋಧಿ, ಬಾರ್ಲಿ, ಓಟ್ಸ್ ಪದಾರ್ಥಗಳು ಮನೆಯೊಳಗೇ ಇರುವಂತಿಲ್ಲ. ಯೂರೋಪು ಮೂಲದ ಅಶ್ಕೆನಾಜಿ ಮನೆಗಳಲ್ಲಿ ಅಕ್ಕಿ, ಬೇಳೆ, ಕಡಲೆಹಿಟ್ಟುಗಳನ್ನೂ ಸಂಪ್ರದಾಯದಂತೆ ಬಿಡುತ್ತಾರೆ. ಅದಲ್ಲದೆ, ಕೋಷರ್ ಎಂಬ ಯಹೂದಿ ಆಹಾರ ನಿಯಮವನ್ನು ಬಿಗಿಯಾಗಿ ಪಾಲಿಸುವ ಮನೆಯಲ್ಲಿ ಹೊರಗಿನ ಅಡುಗೆಮನೆಯ ಪಾತ್ರೆಯಲ್ಲಿ ಬೆಂದದ್ದು ಒಳಗೆ ಬರುವುದಿಲ್ಲ; ಮಡಿ ಮಾಡುತ್ತಿದ್ದ ಅಜ್ಜಿಯ ಅಡುಗೆಮನೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂಗುಚ್ಛ ಒಯ್ಯಿರಿ. ನೀವು ಸಸ್ಯಾಹಾರಿಯಾಗಿದ್ದರೆ ಅಕ್ಕನ ಮೂಲಕ ಈಗಲೇ ತಿಳಿಸಿ, ಏಕೆಂದರೆ ಮಾಟ್ಜೊ (ಹುಳಿಯಿಲ್ಲದ ರೊಟ್ಟಿ) ಪುಡಿಯ ಉಂಡೆಗಳ ಸಾರು ಸಾಮಾನ್ಯವಾಗಿ ಕೋಳಿಯದು, ಮುಖ್ಯ ಊಟ ಹೆಚ್ಚಾಗಿ ದನದ ಮಾಂಸದ್ದು. ಊಟದ ನಂತರ ಕೈಜೋಡಿಸಿ, ಆದರೆ ಮಾಂಸದ ಪಾತ್ರೆಗಳೂ ಹಾಲಿನ ಪಾತ್ರೆಗಳೂ ಬೇರೆ ಬೇರೆಯಾದ್ದರಿಂದ ಕೇಳದೆ ಯಾವುದನ್ನೂ ತೊಳೆಯಲು ಹೋಗಬೇಡಿ.

ಠಾಣೆಯಿಂದ ಒಬ್ಬರು:

ನನ್ನ ಪತಿಯವರದು ಮರಾಠಿ ಮಾತನಾಡುವ ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದ ಕುಟುಂಬ. ಇಲ್ಲಿ ಹಬ್ಬದಲ್ಲಿ ಅಕ್ಕಿಗೆ ನಿಷೇಧವಿಲ್ಲ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿಯ ಶರಬತ್ತನ್ನು ಬಳಸುವ ರೂಢಿಯೂ ಇದೆ. ಆದ್ದರಿಂದ ಎಲ್ಲ ಯಹೂದಿ ಮನೆಗಳೂ ಒಂದೇ ಎಂದು ತಿಳಿಯದೆ, ಮೊದಲು ಅಕ್ಕನನ್ನೇ ವಿಚಾರಿಸಿ.

ನ್ಯೂಜೆರ್ಸಿಯಿಂದ ಒಬ್ಬರು:

2022ರಲ್ಲಿ ನಾನೂ ನಿಮ್ಮ ಸ್ಥಿತಿಯಲ್ಲಿದ್ದೆ. ಜನವರಿಯಲ್ಲಿ ಕೆಲಸ ಹೋಗಿತ್ತು. ಆ ವರ್ಷ ಏಪ್ರಿಲ್ 15ರ ಶುಕ್ರವಾರ ರಾತ್ರಿ ಮೊದಲ ಸೇಡರ್, ಅಂದರೆ ವಿಧಿಪೂರ್ವಕವಾದ ಹಬ್ಬದೂಟ. ಗಂಡನ ಸೋದರತ್ತೆಯ ಮನೆಯಲ್ಲಿ ಹದಿನೆಂಟು ಮಂದಿ ಸೇರಿದ್ದೆವು. ನಮ್ಮ ಬೈಬಲಿನಲ್ಲಿ ಪಸ್ಕ ಎಂದು ಕರೆದಿರುವುದು ಈ ಹಬ್ಬವನ್ನೇ. ಇಸ್ರಾಯೇಲರು ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಹಗ್ಗಾದಾ ಎಂಬ ಪುಸ್ತಕದಿಂದ ಸರದಿಯಂತೆ ಓದುತ್ತಾರೆ. ಊಟಕ್ಕೆ ಮೊದಲೇ ಗಂಟೆಗಟ್ಟಲೆ ಓದು ನಡೆಯಬಹುದು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಪಂಕ್ತಿಯಲ್ಲಿ ಅತ್ಯಂತ ಕಿರಿಯರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಪದ್ಧತಿ. ಮಕ್ಕಳಿಲ್ಲದಿದ್ದರೆ ಆ ಪಾಲು ನಿಮಗೇ ಬಂದೀತು. ಸಂಕೋಚಪಡದೆ ಇಂಗ್ಲಿಷಿನಲ್ಲಿಯೇ ಓದಿ.

ಉಪ್ಪುನೀರಿನಲ್ಲಿ ಸೊಪ್ಪನ್ನು ಅದ್ದಿ ತಿನ್ನುವ ಹೊತ್ತಿಗೆ ಎದುರು ಕುಳಿತಿದ್ದ ಮಾವನವರೊಬ್ಬರು, "ಮುಂದೇನು ಮಾಡುತ್ತೀಯಮ್ಮ?" ಎಂದು ಕೇಳಿದರು. ನಾನು "ಒಂದೆರಡು ಕಡೆ ಮಾತುಕತೆ ನಡೆದಿದೆ" ಎಂದು ತೇಲಿಸಿ ಹೇಳಿದೆ. ಅದು ನಿಜವಾಗಿರಲಿಲ್ಲ, ಕೈಯಲ್ಲಿದ್ದ ಸೊಪ್ಪು ನಡುಗುತ್ತಿತ್ತು. ಆ ಸೋದರತ್ತೆ ನನ್ನ ಮುಖ ನೋಡಿ, "ಸಬ್ಬತ್ತಿನ ದಿನ ಉದ್ಯೋಗದ ಮಾತು ಬೇಡ" ಎಂದು ಪುಸ್ತಕದ ಪುಟ ತಿರುವಿದರು. ಅವರು ನೆಪಕ್ಕಾಗಿ ಹಾಗೆಂದದ್ದಲ್ಲ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಲ್ಲಿಯೂ ಹಬ್ಬದ ಮೊದಲ ಎರಡು ದಿನಗಳಲ್ಲಿಯೂ ವ್ಯವಹಾರದ ಮಾತನ್ನಾಡಬಾರದೆಂಬುದು ಅವರ ಶಾಸ್ತ್ರ. ಆಚರಣೆಯುಳ್ಳವರು ಆಗ ಬರೆಯುವುದೂ ಇಲ್ಲ, ಫೋನ್ ಮುಟ್ಟುವುದೂ ಇಲ್ಲ. ನಿಮ್ಮ ಬೀಗರು ಅಂಥವರಾದರೆ ಆ ದಿನಗಳು ನಿಮಗೆ ಬಿಡುವು ಕೊಡುತ್ತವೆ. ಸಂದರ್ಶನದ ಮೇಲ್ ಬಂದಿದೆಯೇ ಎಂದು ನೋಡಲೇಬೇಕಿದ್ದರೆ ನಿಮ್ಮ ಕೋಣೆಗೆ ಹೋಗಿ ನೋಡಿ.

ಹಾಗೆಂದು ಕೇಳದೆ ಸುಮ್ಮನೆ ಹಿಂತಿರುಗಬೇಡಿ. ನೆರವು ಕೇಳಿದರೆ ಮರ್ಯಾದೆ ಹೋಗುತ್ತದೆಂಬ ಭಾವನೆಯನ್ನು ಆ ಮನೆಯಲ್ಲಿ ಹೊತ್ತುಕೊಳ್ಳುವ ಅಗತ್ಯವೇ ಇಲ್ಲ. ಸೇಡರ್‌ನ ಆರಂಭದಲ್ಲಿಯೇ ಹುಳಿಯಿಲ್ಲದ ರೊಟ್ಟಿಯನ್ನು ಎತ್ತಿ ಹಿಡಿದು, ಹಸಿದವರೆಲ್ಲ ಬಂದು ಉಣ್ಣಲಿ ಎಂದು ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ಯಹೂದಿ ಪಂಡಿತ ಮೈಮೋನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿ, ಒಬ್ಬನು ಮತ್ತೊಬ್ಬರ ಮುಂದೆ ಕೈಚಾಚದಂತೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಒದಗಿಸುವುದನ್ನು ಅತ್ಯುನ್ನತವೆಂದು ಹೇಳಿದ್ದಾರೆ. ಇದನ್ನು ನನಗೆ ತಿಳಿಸಿದವರೂ ಅದೇ ಅತ್ತೆ.

ಭಾನುವಾರ ಸಂಜೆ ಅವರು ಕಿಟಕಿಯ ಬಳಿ ನಿಂತು ಮೂರು ನಕ್ಷತ್ರಗಳು ಕಾಣುವವರೆಗೂ ಕಾದರು. ಹಬ್ಬದ ಆ ಎರಡು ದಿನಗಳು ಮುಗಿದವೆಂದು ಖಚಿತವಾದ ಕೂಡಲೇ ಡ್ರಾಯರ್‌ನಿಂದ ಪೆನ್ಸಿಲನ್ನೂ ಹಳೆಯ ಲಕೋಟೆಯೊಂದನ್ನೂ ತೆಗೆದು, "ಈಗ ಹೇಳು, ಯಾವ ಕೆಲಸ, ಯಾವ ಊರು, ಎಂದಿನಿಂದ?" ಎಂದರು. ನಾನು ತಡವರಿಸಿದೆ. ನೀವು ತಡವರಿಸಬಾರದು. ಓದಿದ್ದೇನು, ಹುಡುಕುತ್ತಿರುವುದೇನು, ಯಾವ ದಿನಾಂಕದೊಳಗೆ ಸೇರಬೇಕು ಎಂಬ ಮೂರು ವಾಕ್ಯಗಳನ್ನು ಸಿದ್ಧಮಾಡಿಕೊಂಡು ಹೋಗಿ. ವೀಸಾದ ದಿನಗಳ ಲೆಕ್ಕವನ್ನು ಮುಚ್ಚಿಡಬೇಡಿ. ಇಪ್ಪತ್ತು ಮಂದಿಗೂ ಹೇಳದೆ, ನಿಮ್ಮ ಕ್ಷೇತ್ರವನ್ನು ಬಲ್ಲ ಒಬ್ಬಿಬ್ಬರೊಡನೆ ಮಾತ್ರ ಮಾತನಾಡಿ. "ಕೆಲಸ ಕೊಡಿಸಿ" ಎನ್ನುವುದಕ್ಕಿಂತ "ನಿಮ್ಮ ಪರಿಚಯದವರಲ್ಲಿ ಯಾರೊಡನೆ ಹದಿನೈದು ನಿಮಿಷ ಮಾತನಾಡಬಹುದು?" ಎಂದು ಕೇಳುವುದು ಮೇಲು.

ಅತ್ತೆ ಆ ಲಕೋಟೆಯ ಹಿಂಬದಿಯಲ್ಲಿ ಎರಡು ಹೆಸರು ಬರೆದುಕೊಟ್ಟರು. ಅವರಲ್ಲೊಬ್ಬರು ನನ್ನ ರೆಸ್ಯೂಮೆಯ ಮೊದಲ ಪುಟವನ್ನು ಫೋನಿನಲ್ಲೇ ಸಾಲು ಸಾಲಾಗಿ ತಿದ್ದಿಸಿದರು. ಜೂನ್‌ನಲ್ಲಿ ನನಗೆ ಕೆಲಸ ಕೊಡಿಸಿದ್ದು ಆ ಪುಟವೇ. ಹೊರಡುವ ದಿನ ಸೂರ್ಯ ಮುಳುಗುವ ಮೊದಲೇ ಅಕ್ಕನ ಮನೆ ಸೇರಿಕೊಳ್ಳಿ. ಹಬ್ಬದ ಆರಂಭಕ್ಕೆ ದೀಪ ಹಚ್ಚಿದ ಮೇಲೆ ನಿಮ್ಮನ್ನು ಕರೆತರಲು ಕಾರು ತೆಗೆಯುವುದು ಅವರಿಗೆ ಕಷ್ಟವಾದೀತು.